ಮೂರು ವರ್ಷದಿಂದ ಬಳಸುತ್ತಿರುವ ಅನಿಮೆ ಆ್ಯಪ್, ಅದರ ಹೊಸ ಕನ್ನಡ ಸಬ್‌ಟೈಟಲ್ ಎಂಬ ಕಾಟ

"ನಾನು ಆಫ್ ಆಗಿದ್ದೇನೆ."

ಇದು ನನ್ನ ಮಾತಲ್ಲ. ಒಂದು ಜಪಾನಿ ಹುಡುಗಿ ಬೆಳಿಗ್ಗೆ ಶೂ ಹಾಕಿಕೊಂಡು ಶಾಲೆಗೆ ಹೊರಡುವಾಗ ಬಾಗಿಲಲ್ಲಿ ನಿಂತು ತನ್ನ ಅಮ್ಮನಿಗೆ ಹೇಳುವ ಮಾತು. ಅಂದರೆ ನಾನು ದುಡ್ಡು ಕಟ್ಟಿ ಅನಿಮೆ (ಜಪಾನಿನ ಕಾರ್ಟೂನ್ ಕಥೆಗಳು) ನೋಡುವ ಆ್ಯಪ್‌ನ ಕನ್ನಡ ಸಬ್‌ಟೈಟಲ್ ಪ್ರಕಾರ ಅವಳು ಹಾಗೆ ಹೇಳುತ್ತಾಳೆ. ಅವಳ ಬಾಯಿಂದ ನಿಜವಾಗಿ ಬಂದಿದ್ದು "ಇತ್ತೆ ಕಿಮಾಸ್". ಇತ್ತೆ ಅಂದರೆ ಹೋಗಿ, ಕಿಮಾಸ್ ಅಂದರೆ ಬರ್ತೀನಿ. ಹೋಗಿ ಬರ್ತೀನಿ! ಒಳಗಿಂದ ಅವಳ ಅಮ್ಮ ಹೇಳುವ "ಇತ್ತೆರಶ್ಶಾಯ್" ಅಂದರೆ ಹೋಗಿ ಬಾ. ನಮ್ಮ ಮನೆ ಬಾಗಿಲಲ್ಲಿ ದಿನಾ ಆಗುವುದೇ ಅದು. ಎರಡೂ ಮಾತು ಪದಕ್ಕೆ ಪದ ಕೂರುತ್ತವೆ. ಆದರೆ ಈ ಪುಣ್ಯಾತ್ಮರು ಮೊದಲು ಇಂಗ್ಲಿಷಿಗೆ ಹೋಗಿ "ಐ ಆ್ಯಮ್ ಆಫ್" (ನಾನು ಹೊರಟೆ) ಅಂತ ಮಾಡಿಕೊಂಡು, ಅಲ್ಲಿಂದ ಯಾವುದೋ ಯಂತ್ರದ ಕೈಯಲ್ಲಿ ಕನ್ನಡಕ್ಕೆ ತಂದ ಹಾಗೆ ಕಾಣುತ್ತದೆ. ಪಕ್ಕದ ಮನೆಗೆ ಹೋಗೋಕೆ ಲಂಡನ್ ಸುತ್ತಿ ಬಂದ ಹಾಗೆ.

ಆ್ಯಪ್ ಹೆಸರು ಬೇಡ. ಎಷ್ಟು ಸ್ಕ್ರೀನ್, ಯಾವ ರೆಸಲ್ಯೂಶನ್, ಯಾವ ಪ್ಲ್ಯಾನ್‌ಗೆ ಎಷ್ಟು ಅನ್ನುವುದನ್ನೆಲ್ಲ ನೀವು ನೋಡಿಯೇ ಇರುತ್ತೀರಿ. ನನ್ನ ಲೆಕ್ಕ ಸುಲಭ. ತಿಂಗಳಿಗೆ ಎರಡು ಮಸಾಲೆ ದೋಸೆ ಬಿಟ್ಟರೆ ಆಯಿತು. ಜಾಹೀರಾತು ಬರಲ್ಲ, ವಿಡಿಯೊ ನಿಂತು ನಿಂತು ಬರೋದೂ ಕಡಿಮೆ. ಮೂರು ವರ್ಷದಲ್ಲಿ ಬಿಡಬೇಕು ಅನ್ನಿಸಿದ್ದು ಒಂದೇ ಸಲ, ಅದನ್ನೇ ಹೇಳೋಕೆ ಹೊರಟಿದ್ದೇನೆ.

ಮೊದಲು ನಾನು ನೋಡುವ ಬಗೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಸಿಟ್ಟು ಅರ್ಥ ಆಗಲ್ಲ. ರಾತ್ರಿ ಒಂಬತ್ತಕ್ಕೆ ಊಟ. ಕುಚ್ಚಲಕ್ಕಿ ಗಂಜಿ, ಒಂದು ಪಲ್ಯ, ಮಾವಿನ ಮಿಡಿ. ಟ್ಯಾಬ್ ಉಪ್ಪಿನಕಾಯಿ ಬಾಟಲಿಗೆ ಒರಗಿಕೊಂಡು ನಿಲ್ಲುತ್ತದೆ. ಬಾಟಲಿ ಖಾಲಿಯಾಗುತ್ತಾ ಬಂದರೆ ಹಗುರಾಗಿ ಜಾರುತ್ತದೆ, ಆಗ ಸಕ್ಕರೆ ಡಬ್ಬಿ. ಒಂದು ಎಪಿಸೋಡ್ ಸುಮಾರು 24 ನಿಮಿಷ. ಶುರುವಿನ ಹಾಡು ಒಂದೂವರೆ ನಿಮಿಷ, ಕೊನೆಯ ಹಾಡು ಒಂದೂವರೆ ನಿಮಿಷ. ಉಳಿದ 21 ನಿಮಿಷ ಒಂದು ತಟ್ಟೆ ಗಂಜಿಗೆ ಅಳತೆ ಮಾಡಿ ಕೊಟ್ಟ ಹಾಗಿದೆ. ಕೊನೆಯ ಹಾಡಿನ ಹೊತ್ತಿಗೆ ತಟ್ಟೆ ತೊಳೆಯಲು ಏಳುತ್ತೇನೆ, ಹಾಡು ಕೇಳುತ್ತಾ ತೊಳೆಯುತ್ತೇನೆ. (ಕೊನೆಯ ಹಾಡನ್ನು ಮೂಲೆಗೆ ಒತ್ತಿ ಮುಂದಿನ ಎಪಿಸೋಡ್ ಶುರು ಮಾಡುವ ಆ ಐದು ಸೆಕೆಂಡಿನ ಗಡಿಬಿಡಿಯನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಬಹುದು. ಕೈ ಒದ್ದೆ ಇರುವವರು ಮೊದಲೇ ಮಾಡಿಟ್ಟುಕೊಳ್ಳಿ.)

ನನ್ನ ರುಚಿಯೂ ಸ್ವಲ್ಪ ಬೇರೆ. ಹಲ್ಲು ಕಚ್ಚಿ, ಹೊಡೆತದ ಹೆಸರು ಕೂಗಿ ಹೊಡೆಯುವ ಕಥೆಗಳು ನನಗೆ ಆಗಿಬರಲ್ಲ. ಅವುಗಳಲ್ಲಿ ದೊಡ್ಡದಾದ ಒನ್ ಪೀಸ್ 1999ರಿಂದ ಬರುತ್ತಿದೆ, 1100 ಎಪಿಸೋಡ್ ದಾಟಿದೆ. ಲೆಕ್ಕ ಹಾಕಿದೆ, 440 ಗಂಟೆ. ನಿದ್ದೆ, ಸ್ನಾನ ಇಲ್ಲದೆ 18 ದಿನ. ಪ್ರೀತಿಸುವವರು ಪ್ರೀತಿಸಲಿ, ನನ್ನ ಹತ್ತಿರ ಅಷ್ಟು ಗಂಜಿ ಇಲ್ಲ. ನನಗೆ ಬೇಕಾಗಿರುವುದು ಮಳೆ ಬರುವ, ಅನ್ನ ಬೇಯುವ, ಯಾರೂ ಮಾತಾಡದೆ ಹತ್ತು ಸೆಕೆಂಡ್ ಕಿಟಕಿ ನೋಡುವಂಥದ್ದು. 2005ರ ಮುಶಿಶಿ. 2023ರ ಫ್ರೀರೆನ್, ಅದರಲ್ಲಿ ರಾಕ್ಷಸರಾಜನನ್ನು ಕೊಂದ ಮೇಲೆ ಕಥೆ ಶುರುವಾಗುತ್ತದೆ. ಹೊಡೆದಾಟ ಅದರಲ್ಲೂ ಇದೆ, ಆದರೆ ಯಾರಿಗೂ ಅವಸರ ಇಲ್ಲ.

ಇಂಥದ್ದನ್ನು ನೋಡುವಾಗ ಮಾತು ಕಡಿಮೆ ಇರುತ್ತದೆ, ಹಾಗಾಗಿ ಇರುವ ಮಾತು ಕಿವಿಗೆ ಬೀಳುತ್ತದೆ. ಮೊದಲ ವರ್ಷದ ಕೊನೆಯಲ್ಲಿ ನನಗೊಂದು ವಿಚಿತ್ರ ಅನುಭವ ಆಗತೊಡಗಿತು. ಜಪಾನಿ ಮಾತು ಅರ್ಥ ಆಗುತ್ತಿರಲಿಲ್ಲ, ಆದರೆ ಅದರ ನಡಿಗೆ ಗೊತ್ತಿತ್ತು. ಯಾರೋ "ತಬೆತೆ ಮಿತೆ" ಅಂತ ತಟ್ಟೆ ಮುಂದೆ ತಳ್ಳುತ್ತಾರೆ. ತಬೆತೆ, ತಿಂದು. ಮಿತೆ, ನೋಡು. ತಿಂದು ನೋಡು! ತಿನ್ನುವುದನ್ನು "ನೋಡುವುದು" ನಾವು ಮಾತ್ರ ಅಂದುಕೊಂಡಿದ್ದೆ. ಇನ್ನೊಬ್ಬ ತಲೆ ಕೆರೆಯುತ್ತಾ "ತಬೆಚಾತ್ತಾ" ಅನ್ನುತ್ತಾನೆ, ಅದು ನಮ್ಮ "ತಿಂದ್ಬಿಟ್ಟೆ", ಆ "ಬಿಟ್ಟೆ"ಯಲ್ಲಿರುವ ತಪ್ಪಿನ ಅಳುಕಿನ ಸಮೇತ. "ಸಮುಯ್ ನೇ" ಅಂದರೆ ಚಳಿ ಅಲ್ವಾ. ಎದೆ ಡವಡವ ಅಂದರೆ ಅವರಿಗೆ ದೋಕಿದೋಕಿ, ಪಳಪಳ ಅಂದರೆ ಪಿಕಾಪಿಕಾ. ಯಾರಾದರೂ ಏನಾದರೂ ಕೇಳಿದಾಗ "ಚೊತ್ತೊ..." ಅಂತ ಎಳೆದು ಸುಮ್ಮನಾಗುತ್ತಾರಲ್ಲ, ಅದು "ಸ್ವಲ್ಪ..." ನಮ್ಮವರೂ "ಸ್ವಲ್ಪ ಕಷ್ಟ ಸಾರ್" ಅಂದರೆ ಆಗಲ್ಲ ಅಂತ ತಾನೆ?

ಇದನ್ನು ಓದಿ ಕನ್ನಡ, ಜಪಾನಿ ಅಕ್ಕತಂಗಿಯರು ಅಂತ ಸಂಶೋಧನೆಗೆ ಹೊರಡಬೇಡಿ. ಕ್ರಿಯಾಪದ ಕೊನೆಗೆ ಬರುವುದು ಕೊರಿಯನ್‌ನಲ್ಲೂ ಇದೆ, ತುರ್ಕಿಯಲ್ಲೂ ಇದೆ. ಆದರೆ ನೋಡುವವನಿಗೆ ಅದರಿಂದ ದೊಡ್ಡ ಲಾಭ. ಒಬ್ಬಳು ರೈಲ್ವೆ ಪ್ಲಾಟ್‌ಫಾರ್ಮ್‌ನಲ್ಲಿ ನಿಂತು "ನಿನ್ನನ್ನು ನಾನು ಮರೆತಿ..." ಅಂತ ತಡೆಯುತ್ತಾಳೆ ಅಂದುಕೊಳ್ಳಿ. ಮರೆತಿದ್ದೇನೆಯೋ, ಮರೆತಿಲ್ಲವೋ? ಆ ಒಂದು ಉಸಿರಿನಲ್ಲಿ ಇಡೀ ದೃಶ್ಯ ನಿಂತಿದೆ. ಜಪಾನಿಯಲ್ಲೂ "ಇಲ್ಲ" ಬರುವುದು ಕೊನೆಗೇ. ಇಂಗ್ಲಿಷ್ ಸಬ್‌ಟೈಟಲ್ ಅವಳು ಬಾಯಿ ತೆರೆಯುವ ಮೊದಲೇ ಕೆಳಗಡೆ ಗುಟ್ಟು ಬಿಟ್ಟುಕೊಟ್ಟಿರುತ್ತದೆ. ಸಿನಿಮಾ ಹಾಲಿನಲ್ಲಿ ಹಿಂದಿನ ಸೀಟಿನವನು ಕಥೆ ಹೇಳಿಬಿಟ್ಟ ಹಾಗೆ. ಅಣ್ಣ, ತಮ್ಮ, ಅಕ್ಕ, ತಂಗಿ ನಾಲ್ಕಕ್ಕೂ ಅವರ ಹತ್ತಿರ ಬೇರೆ ಬೇರೆ ಪದ ಇದೆ, ಇಂಗ್ಲಿಷಿಗೆ ಬಂದರೆ ಬ್ರದರ್, ಸಿಸ್ಟರ್, ಮುಗಿಯಿತು.

ಹಾಗಾಗಿ ಹೋದ ವರ್ಷ ಒಂದು ರಾತ್ರಿ ಭಾಷೆಗಳ ಪಟ್ಟಿಯಲ್ಲಿ "ಕನ್ನಡ" ಅಂತ ಕಂಡಾಗ ನನಗೆ ಎಷ್ಟು ಖುಷಿಯಾಗಿರಬೇಡ! ಅನಿಮೆ ವಿಷಯದಲ್ಲಿ ನಾವು ಯಾವಾಗಲೂ ಪಂಕ್ತಿಯ ಕೊನೆ. 2025ರ ಸೆಪ್ಟೆಂಬರ್‌ನಲ್ಲಿ ಡೀಮನ್ ಸ್ಲೇಯರ್ ಸಿನಿಮಾ ಥಿಯೇಟರಿಗೆ ಬಂದಾಗಲೂ ಹಿಂದಿ, ತಮಿಳು, ತೆಲುಗು ಡಬ್ಬಿಂಗ್ ಇತ್ತು, ಕನ್ನಡ ಇರಲಿಲ್ಲ. ಇಲ್ಲಿ ಕೇಳದೆಯೇ ಬಂದಿದೆ. ಗಂಜಿ ತಟ್ಟೆ ಬದಿಗಿಟ್ಟು ಅಮ್ಮನನ್ನು ಕರೆದೆ. ಅಮ್ಮನಿಗೆ ಇಂಗ್ಲಿಷ್ ಸಬ್‌ಟೈಟಲ್ ಓಡುವ ವೇಗಕ್ಕೆ ಓದೋಕಾಗಲ್ಲ. ಎರಡು ವರ್ಷ ಅವಳು ಅಡುಗೆಮನೆಯಿಂದ ಬರೀ ಕೇಳಿಸಿಕೊಂಡಿದ್ದೇ ಹೆಚ್ಚು. ಕನ್ನಡಕ ಹಾಕಿಕೊಂಡು ಬಂದು ಕುಳಿತಳು.

ಹಾಕಿದ್ದು ಬರಾಕಮೋನ್, 2014ರದ್ದು, ಬರೀ 12 ಎಪಿಸೋಡ್. ಟೋಕಿಯೊದ ಒಬ್ಬ ಯುವ ಕ್ಯಾಲಿಗ್ರಫಿ (ಕುಂಚದಲ್ಲಿ ಅಂದವಾಗಿ ಅಕ್ಷರ ಬರೆಯುವ) ಕಲಾವಿದ. ತನ್ನ ಬರಹವನ್ನು ಟೀಕಿಸಿದ ಹಿರಿಯರೊಬ್ಬರಿಗೆ ಗುದ್ದಿಬಿಡುತ್ತಾನೆ. ಅಪ್ಪ ಅವನನ್ನು ನಾಗಸಾಕಿ ಕಡೆಯ ಗೋತೋ ದ್ವೀಪಕ್ಕೆ ಕಳಿಸುತ್ತಾನೆ. ಅಲ್ಲಿ ಸಮುದ್ರ, ಬಸಳೆ ಬೆಳೆಯಬಹುದಾದಂಥ ಹಿತ್ತಿಲುಗಳು, ಬಾಗಿಲು ತಟ್ಟದೆ ಒಳಗೆ ಬರುವ ಅಜ್ಜಿಯರು, ಮತ್ತು ನಾರು ಅನ್ನುವ ಏಳು ವರ್ಷದ ತಲೆಹರಟೆ ಹುಡುಗಿ. ನಾರುವಿಗೆ ಧ್ವನಿ ಕೊಟ್ಟಿರುವುದೂ ನಿಜವಾದ ಮಗುವೇ, ದೊಡ್ಡವರು ಕೀರಲು ಧ್ವನಿ ಮಾಡಿದ್ದಲ್ಲ. ನಮ್ಮ ಅಮ್ಮ ಕುಂದಾಪುರದ ಕಡೆಯವಳು. ಅವಳಿಗೆ ಹಿಡಿಸುತ್ತದೆ ಅಂತ ಗೊತ್ತಿತ್ತು.

ಹತ್ತು ನಿಮಿಷ ಆಗಿರಬೇಕು. ಕೆಳಗೆ "ಶಿಕ್ಷಕ! ಶಿಕ್ಷಕ! ನೀವು ಏನು ಮಾಡುತ್ತಿರುವಿರಿ?" ಅಂತ ಬಂತು. ಆ ಪುಟ್ಟ ಪೋರಿ ಕೂಗಿದ್ದು! ಒಬ್ಬಳು ಅಜ್ಜಿ ತರಕಾರಿ ತಂದುಕೊಟ್ಟಳು, "ದಯವಿಟ್ಟು ಇವುಗಳನ್ನು ಸ್ವೀಕರಿಸಿ" ಅಂತೆ. ಇನ್ನೊಬ್ಬ ಮುದುಕ "ಮೇಲೆ ಬಾ" ಅಂದ. ಯಾರೂ ಮೇಲೆ ಹೋಗಬೇಕಾಗಿರಲಿಲ್ಲ, ಅದು "ಕಮ್ ಆನ್". ಅಮ್ಮ ಕನ್ನಡಕ ತೆಗೆದು ಕೇಳಿದಳು, "ಇದ್ಯಾರು ಬರ್ದದ್ದು? ತಾಲೂಕು ಆಫೀಸಿನವ್ರಾ?"

ನಾನು ನಕ್ಕೆ, ಆದರೆ ಹೊಟ್ಟೆ ಉರಿಯಿತು. ಸುಮ್ನೆ ಇಂಗ್ಲಿಷ್ ಒಂದೇ ಕೊಟ್ಟಿದ್ದರೆ ಇಷ್ಟು ಬೇಜಾರು ಆಗುತ್ತಿರಲಿಲ್ಲ. ಇಂಗ್ಲಿಷ್ ಕೈಯಲ್ಲಿ ಆಗದ್ದು ಇಂಗ್ಲಿಷಿನ ತಪ್ಪಲ್ಲ. ಕನ್ನಡಕ್ಕೆ ಆ "ಸೆನ್ಸೇ" ಅನ್ನುವುದನ್ನು "ಮೇಷ್ಟ್ರೇ" ಅಂತ ಮಾಡೋಕೆ ಯಾವ ಕಷ್ಟವೂ ಇರಲಿಲ್ಲ. ಪಾಠ ಹೇಳುವವರು ಮಾತ್ರ ಅಲ್ಲ, ವೈದ್ಯರು, ಕಲಾವಿದರು ಎಲ್ಲರೂ ಅವರಿಗೆ ಸೆನ್ಸೇ. ನಮ್ಮಲ್ಲೂ ಸಂಗೀತದವರೂ ಮೇಷ್ಟ್ರು, ನಾಟಕದವರೂ ಮೇಷ್ಟ್ರು. ಇರುವ ಪದ ಬಿಟ್ಟು ಇಲ್ಲದ ತೊಂದರೆ ತಂದುಕೊಂಡಿದ್ದಾರೆ. ಎರಡು ಸಲ ದೂರು ಬರೆದೆ. "ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ" ಅಂತ ಉತ್ತರ ಬಂತು, ಅದೂ ಇಂಗ್ಲಿಷ್‌ನಲ್ಲಿ.

ಸಬ್‌ಟೈಟಲ್ ತೆಗೆದುಹಾಕಿದೆ. ಅಮ್ಮ ಎದ್ದು ಹೋಗುತ್ತಾಳೆ ಅಂದುಕೊಂಡರೆ ಹೋಗಲಿಲ್ಲ. ಐದು ನಿಮಿಷ ಸುಮ್ಮನೆ ಕೇಳಿ, "ಈ ಅಜ್ಜಿಯರ ಮಾತು ಬೇರೆ, ಆ ಹುಡುಗನ ಮಾತು ಬೇರೆ, ಅಲ್ದಾ ಮಗಾ?" ಅಂದಳು. ನನಗೆ ಮೈ ಜುಂ ಅಂದಿತು. ನಿಜ, ಆ ಅಜ್ಜಿಯರು ಆಡುವುದು ಗೋತೋ ದ್ವೀಪದ ಮಾತು, ಹುಡುಗನದ್ದು ಪೇಟೆಯ ಜಪಾನಿ. "ಬರಾಕಮೋನ್" ಅನ್ನುವುದೂ ಆ ದ್ವೀಪದ ಪದವೇ, ಚುರುಕಿನ ಆಸಾಮಿ ಅನ್ನೋ ಅರ್ಥದಲ್ಲಿ. ಇದನ್ನು ನಾನು ಓದಿ ತಿಳಿದುಕೊಂಡಿದ್ದೆ. ಫೋನಿನಲ್ಲಿ ಅಕ್ಕನ ಜೊತೆ ಒಂದು ಕನ್ನಡ, ನಮ್ಮ ಜೊತೆ ಒಂದು ಕನ್ನಡ ಆಡಿ ಅಭ್ಯಾಸ ಇರುವ ಅಮ್ಮನಿಗೆ ಕಿವಿಯೇ ಹೇಳಿತು.

ಅವತ್ತಿನಿಂದ ಡಬ್ಬಿಂಗ್ ನನ್ನದೇ. ಸಂಜೆಯೇ ಒಂದು ಸಲ ಇಂಗ್ಲಿಷ್ ಹಾಕಿ ನೋಡಿಕೊಂಡಿರುತ್ತೇನೆ, ರಾತ್ರಿ ಗಂಜಿ ಕುಡಿಯುತ್ತಾ ಕನ್ನಡದಲ್ಲಿ ಹೇಳುತ್ತೇನೆ. ಅಜ್ಜಿಯರಿಗೆ ಕುಂದಾಪ್ರ ಕನ್ನಡ, ಅದನ್ನು ಅಮ್ಮ ಅಲ್ಲಲ್ಲೇ ತಿದ್ದುತ್ತಾಳೆ. ಮೊದಲ ಎಪಿಸೋಡಿನಲ್ಲಿ ನಾರು ಅವನನ್ನು ಸಮುದ್ರದ ಬದಿಯ ಎತ್ತರದ ಗೋಡೆ ಹತ್ತಿಸುತ್ತಾಳೆ. ಅವನು ಆಗಲ್ಲ ಅನ್ನುತ್ತಾನೆ. "ಹತ್ತಿದ್ರೇ ಕಾಂಬುದ್" ಅಂತ ಅಮ್ಮನೇ ಹೇಳಿಬಿಟ್ಟಳು. ಅವನು ಹತ್ತಿದ, ಮುಳುಗುವ ಸೂರ್ಯ ಕಂಡಿತು. ಕ್ರಿಯಾಪದ ಕೊನೆಗೆ ಬರುವುದರಿಂದ ನನ್ನ ಮಾತು ಅವರ ತುಟಿಯ ಜೊತೆಗೇ ಮುಗಿಯುತ್ತದೆ, ಅದರ ಮಜವೇ ಬೇರೆ.

ಎಲ್ಲವೂ ಹೀಗೆ ಸಲೀಸಾಗಿ ಆಗುತ್ತದೆ ಅಂತಲ್ಲ. 2016ರ ಯುವರ್ ನೇಮ್ ಸಿನಿಮಾದಲ್ಲಿ ಹುಡುಗಿಯೊಬ್ಬಳು ಹುಡುಗನ ಮೈಯಲ್ಲಿ ಎಚ್ಚರವಾಗಿ, ಅವನ ಗೆಳೆಯರ ಮುಂದೆ ತನ್ನನ್ನು "ವತಾಶಿ" ಅನ್ನುತ್ತಾಳೆ. ಅವರು ಪೆಚ್ಚಾಗಿ ನೋಡುತ್ತಾರೆ. "ವತಾಕುಶಿ"? "ಬೊಕು"? ಕೊನೆಗೆ "ಓರೆ" ಅಂದ ಮೇಲೆ ಒಪ್ಪುತ್ತಾರೆ. ಗಂಡು ಹೆಣ್ಣು, ಮರ್ಯಾದೆ, ಸಲಿಗೆಗೆ ತಕ್ಕ ಹಾಗೆ "ನಾನು" ಬದಲಾಗುತ್ತದೆ. ನಾನು ಅಮ್ಮನಿಗೆ ಹೇಳಿದ್ದು: ನಾನು, ನಾನು, ನಾನು, ನಾನು. "ಅವ್ಳಿಗೆ ಎಂತಾಯ್ತು?" ಅಂದಳು. ಇಲ್ಲಿ ಯಂತ್ರವನ್ನು ಬೈಯಲ್ಲ, ನನಗೂ ಆಗಲಿಲ್ಲ.

ಈಗ ಆ್ಯಪ್‌ಗೆ ಬರೋಣ. ಐದಕ್ಕೆ ಮೂರು. ಒಂದು ಕಡಿತ ಆ ಕನ್ನಡಕ್ಕೆ. ಇನ್ನೊಂದು, ಪ್ರತಿ ಅಪ್‌ಡೇಟ್ ಆದ ಮೇಲೂ ಅದು ತಾನಾಗಿಯೇ ಮತ್ತೆ ಆನ್ ಆಗುವುದಕ್ಕೆ. ಫೋನ್ ಭಾಷೆ ಕನ್ನಡ ಇಟ್ಟುಕೊಂಡ ತಪ್ಪಿಗೆ ಈ ಶಿಕ್ಷೆ. ಆದರೂ ಈ ತಿಂಗಳು ವರ್ಷದ ಪ್ಲ್ಯಾನ್ ಕಟ್ಟಿದೆ, ರಿಯಾಯಿತಿ ಇತ್ತು. ಕಟ್ಟದೆ ಬೇರೆ ದಾರಿಯೂ ಇರಲಿಲ್ಲ. ಬರಾಕಮೋನ್ 12ಕ್ಕೆ ಮುಗಿಯಿತು ಅಂದರೆ ಅಮ್ಮ ನಂಬುತ್ತಿಲ್ಲ. 2016ರಲ್ಲಿ ಬಂದ, ಅದೇ ಮೇಷ್ಟ್ರ ಹೈಸ್ಕೂಲ್ ದಿನಗಳ ಹಂಡಾ-ಕುನ್ ತೋರಿಸಿದೆ. ಎರಡು ಎಪಿಸೋಡ್ ನೋಡಿ "ಇದು ಅವ್ನಲ್ಲ" ಅಂತ ಎದ್ದುಹೋದಳು. ಮೊನ್ನೆ ಮತ್ತೆ ಕೇಳಿದಳು, ಮೇಷ್ಟ್ರ ಕಥೆ ಮುಂದೆ ಬಂತಾ ಅಂತ. ಅಷ್ಟೇ ಇರೋದು ಅಂದೆ. ಟ್ಯಾಬನ್ನೂ ನನ್ನನ್ನೂ ಒಂದು ಸಲ ನೋಡಿ, "ನೀ ದುಡ್ಡು ಪೂರ್ತಿ ಕಟ್ಟಿದ್ಯಾ ಇಲ್ಯಾ?" ಅಂದಳು.