ಗೋಡೆಯ ಸಾಕೆಟ್ಟಿಗೆ ನೇರ ಚುಚ್ಚುವ ಟಾರ್ಚ್: ಕೊಳ್ಳುವ ಮುನ್ನ ಓದಿ

ಸಂತೆಯಲ್ಲಿ, ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿಗಳಲ್ಲಿ ನೂರು ನೂರೈವತ್ತು ರೂಪಾಯಿಗೆ ಸಿಗುವ ಪ್ಲಾಸ್ಟಿಕ್ ಟಾರ್ಚ್ ಎಲ್ಲರೂ ನೋಡಿದ್ದೇ. ಹಿಂಬದಿಯ ಗುಂಡಿ ಜಾರಿಸಿದರೆ ಎರಡು ಪಿನ್ ಹೊರಬರುತ್ತವೆ. ನೇರ ಸಾಕೆಟ್ಟಿಗೆ ಚುಚ್ಚಿದರೆ ಚಾರ್ಜ್. ಅಂಥದ್ದೊಂದು ಮೂರೇ ತಿಂಗಳಲ್ಲಿ ಕೈಕೊಟ್ಟು ರಿಪೇರಿ ಮೇಜಿಗೆ ಬಂತು. ಬೆಳಕು ಬರುತ್ತಿಲ್ಲ ಎನ್ನುವುದು ಒಂದು ದೂರು. ಸಾಕೆಟ್ಟಿನಿಂದ ಕಿತ್ತ ಮೇಲೂ ಪಿನ್ ಮುಟ್ಟಿದರೆ ಶಾಕ್ ಹೊಡೆಯುತ್ತದೆ ಎನ್ನುವುದು ಇನ್ನೊಂದು. ಇದನ್ನು ಬರೆಯುತ್ತಿರುವುದು ಆ ಎರಡನೆಯದಕ್ಕಾಗಿ.

ಸ್ಕ್ರೂ ಬಿಚ್ಚಿದರೆ ಒಳಗೆ ಬೆರಳಗಲದ ಬೋರ್ಡು. ಅದರ ಮೇಲೆ ‘105ಜೆ 400ವಿ’ ಎಂದು ಬರೆದ ಒಂದು ಕೆಪ್ಯಾಸಿಟರ್ (ಕರೆಂಟನ್ನು ಹಿಡಿದಿಟ್ಟುಕೊಳ್ಳುವ ಬಿಡಿಭಾಗ), ಎಸಿಯನ್ನು ಡಿಸಿ ಮಾಡುವ ನಾಲ್ಕು ಕರಿ ಡಯೋಡು, ಒಂದು ಕೆಂಪು ಇಂಡಿಕೇಟರ್. ಗೋಡೆಯ ಕರೆಂಟನ್ನು ಬೇರೆಯಾಗಿಡುವ ಟ್ರಾನ್ಸ್‌ಫಾರ್ಮರ್ ಇಲ್ಲ, ಫ್ಯೂಸ್ ಇಲ್ಲ. 105 ಎಂದರೆ 1 ಮೈಕ್ರೋಫ್ಯಾರಡ್. ನಮ್ಮ 50 ಹರ್ಟ್ಜ್ ಕರೆಂಟಿಗೆ ಅದು ಸುಮಾರು 3,200 ಓಮ್ ತಡೆ ಒಡ್ಡಿ 70 ಮಿಲಿಆಂಪ್‌ನಷ್ಟು ಮಾತ್ರ ಒಳಗೆ ಬಿಡುತ್ತದೆ. ಬಿಡುವ ಪ್ರಮಾಣ ಕಡಿಮೆಯಾಗುತ್ತದೆಯೇ ಹೊರತು ಮೇನ್ಸಿನ, ಅಂದರೆ ಗೋಡೆಯ ಕರೆಂಟಿನ, ಸಂಬಂಧ ಕಡಿಯುವುದಿಲ್ಲ. ಬ್ಯಾಟರಿಯ ಎರಡು ತುದಿಯ ನಡುವೆ 4 ವೋಲ್ಟ್ ಇದ್ದರೂ, ಚಾರ್ಜಿಗಿಟ್ಟಾಗ ಬ್ಯಾಟರಿ, ಸ್ವಿಚ್ಚು, ಎಲ್‌ಇಡಿ ಎಲ್ಲವೂ 230 ವೋಲ್ಟ್ ತಂತಿಗೆ ಸೇರಿಕೊಂಡೇ ಇರುತ್ತವೆ. ಆಗ ನಿಮ್ಮ ಬೆರಳನ್ನು ಕಾಯುವುದು ತೆಳು ಪ್ಲಾಸ್ಟಿಕ್ ಒಂದೇ. ಬಿರುಕು ಬಿಟ್ಟಿದ್ದರೆ ಅದೂ ಇಲ್ಲ. ರಾತ್ರಿ ಪಾಳಿಯ ತ್ರೀಫೇಸ್‌ಗೆ ಮೋಟಾರ್ ಹಾಕಲು ತೋಟಕ್ಕೆ ಹೋಗುವವರು ಒದ್ದೆ ಕೈಯಲ್ಲಿ ಹಿಡಿಯುವ ವಸ್ತು ಇದು!

ಕಿತ್ತ ಮೇಲೂ ಹೊಡೆಯುವುದೇಕೆ? ಕೆಪ್ಯಾಸಿಟರ್ ಒಳಗೆ 300 ವೋಲ್ಟಿಗೂ ಹೆಚ್ಚು ಉಳಿದುಬಿಡಬಹುದು. ಅದನ್ನು ಒಂದೆರಡು ಸೆಕೆಂಡಿನಲ್ಲಿ ಇಳಿಸಲು ಅಡ್ಡಲಾಗಿ ಒಂದು ರೆಸಿಸ್ಟರ್, 470 ಕಿಲೋಓಮ್‌ನಿಂದ 1 ಮೆಗಾಓಮ್ ಒಳಗಿನದು, ಇರಲೇಬೇಕು. ಈ ಬೋರ್ಡಿನಲ್ಲಿ ಆರ್1 ಎಂದು ಅಚ್ಚಾಗಿದೆ, ತೂತುಗಳೂ ಇವೆ, ರೆಸಿಸ್ಟರ್ ಮಾತ್ರ ಹಾಕಿಲ್ಲ. ಬೆಲೆ ಒಂದು ರೂಪಾಯಿಯೂ ಆಗದ ಸಾಮಾನು. ಕೆಪ್ಯಾಸಿಟರ್ ಮೇಲಿನ 400 ವೋಲ್ಟ್ ಡಿಸಿ ಲೆಕ್ಕದ್ದು. ಮೇನ್ಸಿಗೆ ಬೇಕಾದದ್ದು ಮೇನ್ಸಿಗೆ ಅಡ್ಡ ಹಾಕಲೆಂದೇ ಮಾಡಿದ, 275 ವೋಲ್ಟ್ ಎಸಿಯ ಎಕ್ಸ್2 ಎಂಬ ಜಾತಿ. ಈ ಕೆಪ್ಯಾಸಿಟರ್ ಶಾರ್ಟ್ ಆದರೆ ಪೂರ್ತಿ ಮೇನ್ಸ್ ಡಯೋಡುಗಳ ಮೇಲೆ ಬೀಳುತ್ತದೆ, ತಡೆಯಲು ಏನೂ ಇಲ್ಲ.

ಬೆಳಕು ಹೋದದ್ದು ಬ್ಯಾಟರಿಯಿಂದ. 4 ವೋಲ್ಟಿನ ಲೆಡ್ ಆಸಿಡ್, ಮೇಲೆ ಬರೆದದ್ದು 500 ಮಿಲಿಆಂಪ್ ಅವರ್. ಎಂಟರಿಂದ ಹತ್ತು ಗಂಟೆಗೆ ತುಂಬುತ್ತದೆ. ತುಂಬಿದ ಮೇಲೆ ನಿಲ್ಲಿಸುವ ವ್ಯವಸ್ಥೆ ಇಲ್ಲ. ಎರಡು ದಿನ ಮರೆತು ಬಿಟ್ಟರೆ ಒಳಗಿನ ನೀರು ಗ್ಯಾಸಾಗಿ, ರಬ್ಬರ್ ಮುಚ್ಚಳ ಎದ್ದು, ಆಸಿಡ್ ಹೊರಗೆ. ಇದರಲ್ಲಿ ಸ್ವಿಚ್ಚಿನ ಕಾಲಿಗೆ ಹಸಿರು ಕಿಲುಬು ಹತ್ತಿ ತಂತಿಯೇ ಉದುರಿತ್ತು. ಡಬ್ಬಿಯ ಮೇಲಿನ ‘8 ಗಂಟೆ ಬೆಳಕು’ ಕೂಡ ಸುಳ್ಳು: 1 ವ್ಯಾಟ್ ಎಲ್‌ಇಡಿ ಪೂರ್ತಿ ಉರಿಯಲು 350 ಮಿಲಿಆಂಪ್ ಬೇಕು, ಒಂದೂವರೆ ಗಂಟೆಯೂ ಬಾರದು.

ಈಗಾಗಲೇ ಮನೆಯಲ್ಲಿದ್ದರೆ, ಸಾಕೆಟ್ಟಿನ ಸ್ವಿಚ್ ಆಫ್ ಇಟ್ಟು ಚುಚ್ಚಿ, ಆಫ್ ಮಾಡಿಯೇ ಕೀಳಿ. ಕಿತ್ತ ಮೇಲೆ ಪಿನ್ ಮುಟ್ಟಬೇಡಿ, ಮಕ್ಕಳ ಕೈಗಂತೂ ಕೊಡಲೇಬೇಡಿ. ಚಾರ್ಜಾಗುವಾಗ ಟಾರ್ಚ್ ಹಚ್ಚಬೇಡಿ. ಬ್ಯಾಟರಿ ಸತ್ತಿದ್ದರೆ ಚುಚ್ಚಿದ ಕ್ಷಣದ ಹೊಡೆತ ನೇರ ಎಲ್‌ಇಡಿಗೆ ಹೋಗಿ ಅದೂ ಸುಡುತ್ತದೆ. ಮೈ ಒಡೆದಿದ್ದರೆ, ಪಿನ್ ಸಡಿಲವಾಗಿದ್ದರೆ ಮತ್ತೆ ಚಾರ್ಜಿಗಿಡುವ ಮಾತೇ ಬೇಡ. ಸೋರಿದ ಆಸಿಡ್ ಮೇಲೆ ಅಡಿಗೆ ಸೋಡ ಉದುರಿಸಿ ಒರೆಸಿ. ಒಳಗೆ ಸೀಸ ಇರುವುದರಿಂದ ಕಸಕ್ಕೆ ಎಸೆಯದೆ ಹಳೇ ಬ್ಯಾಟರಿ ತೆಗೆದುಕೊಳ್ಳುವವರಿಗೆ ಕೊಡಿ.

ಹೊಸದು ಕೊಳ್ಳುವುದಾದರೆ ಯುಎಸ್‌ಬಿ ಚಾರ್ಜಿಂಗಿನದ್ದೇ ನೋಡಿ. ಒಳ್ಳೆಯ ಮೊಬೈಲ್ ಅಡಾಪ್ಟರಿನಲ್ಲಿ ಮೇನ್ಸಿಗೂ 5 ವೋಲ್ಟಿಗೂ ಟ್ರಾನ್ಸ್‌ಫಾರ್ಮರ್ ಅಡ್ಡ ಇರುತ್ತದೆ. ಅಲ್ಲೂ 18650 (18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ ಲಿಥಿಯಂ) ಸೆಲ್ ಮೇಲೆ ‘9,900 ಮಿಲಿಆಂಪ್ ಅವರ್’ ಎಂದಿದ್ದರೆ ವಾಪಸ್ ಇಡಿ, ಆ ಅಳತೆಯ ಒಳ್ಳೆಯ ಸೆಲ್ಲಿಗೆ 3,500 ಆಸುಪಾಸೇ ಮಿತಿ. ಲಿಥಿಯಂ ಸೆಲ್ ಮೇಲೆ ಐಎಸ್ 16046 (ಇಂಥ ಸೆಲ್ಲುಗಳ ಸುರಕ್ಷತೆಯ ಭಾರತೀಯ ಮಾನಕ) ಮತ್ತು ‘ಆರ್’ ನಂಬರ್ (ಭಾರತೀಯ ಮಾನಕ ಸಂಸ್ಥೆ ಬಿಐಎಸ್ ಕೊಡುವ ನೋಂದಣಿ ಸಂಖ್ಯೆ) ಇದೆಯೇ ನೋಡಿ, ಆ ನಂಬರನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಯಾರ ಹೆಸರಿನಲ್ಲಿದೆ ಎಂದು ಅಂಗಡಿಯಲ್ಲೇ ತಿಳಿಯುತ್ತದೆ.