1939ರ ರೂಪಾಯಿ, ಬಾಂಬೆ ಚುಕ್ಕಿ ಅಂತ ಯಾರಾದರೂ ಹೇಳಿದರೆ ದುಡ್ಡು ಕಳಿಸಬೇಡಿ

22,000 ರೂಪಾಯಿ ಕೊಟ್ಟು ನಾನು ಒಂದು ಇಸವಿ ತಿದ್ದಿದ ನಾಣ್ಯ ತಂದಿದ್ದೇನೆ. ಯಾರಿಗೂ ಹೇಳಬಾರದು ಅಂತ ಹದಿನೈದು ದಿನ ಸುಮ್ಮನಿದ್ದೆ. ಮನೆಯಲ್ಲಿ ಆದ ಅವಮಾನವೇ ಸಾಕಾಗಿತ್ತು. ಆದರೆ ಮೊನ್ನೆ ಅದನ್ನು ನನಗೆ ಮಾರಿದ ಮನುಷ್ಯ ಇನ್ನೊಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮತ್ತೊಂದು ಫೋಟೋ ಹಾಕಿದ್ದಾನೆ. ಅದೇ ನೀಲಿ ಮಖಮಲ್ ಬಟ್ಟೆ, ಅದೇ ಮಾತು. "ಬಾಂಬೆ ಚುಕ್ಕಿ, 1939, ಒಂದೇ ಪೀಸ್ ಇದೆ." (ಬಾಂಬೆ ಚುಕ್ಕಿ ಅಂದರೆ ಬಾಂಬೆ ಟಂಕಸಾಲೆಯಲ್ಲಿ ಅಚ್ಚಾದ ರೂಪಾಯಿಗೆ ಇರುವ ಸಣ್ಣ ಚುಕ್ಕಿ ಗುರುತು.) ಒಂದೇ ಪೀಸ್ ಅಂತೆ! ನನಗೂ ಹೀಗೇ ಹೇಳಿದ್ದ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಅಪ್ಪನಿಗೆ ಆರನೇ ಜಾರ್ಜ್ ರೂಪಾಯಿಗಳೆಂದರೆ, ಅಂದರೆ ಬ್ರಿಟಿಷ್ ರಾಜ ಆರನೇ ಜಾರ್ಜ್ ಮುಖ ಇರುವ ಹಳೆಯ ನಾಣ್ಯಗಳೆಂದರೆ ಪ್ರಾಣ. ಅವರ ಆಲ್ಬಮ್ಮಿನಲ್ಲಿ 1938 ಇದೆ, 1940 ಇದೆ, ಲಾಹೋರ್ ಟಂಕಸಾಲೆಯ ಗುರುತಾದ 'ಎಲ್' ಅಕ್ಷರ ಇರುವುದೂ ಇದೆ. 1939ರ ಜಾಗ ಮಾತ್ರ ನಾನು ಚಿಕ್ಕವನಿದ್ದಾಗಿನಿಂದ ಖಾಲಿ. ಈ ಹವ್ಯಾಸ ಇರುವವರಿಗೆ ಗೊತ್ತೇ ಇದೆ, ಆ ಇಸವಿಯ ಬೆಳ್ಳಿ ರೂಪಾಯಿ ಸಿಗುವುದೇ ಅಪರೂಪ. ಸಿಕ್ಕರೂ ನಮ್ಮಂಥವರಿಗೆ ಎಟುಕುವ ಬೆಲೆ ಅಲ್ಲ. ಅಪ್ಪನಿಗೆ ಈ ವರ್ಷ 80 ತುಂಬಿತು. ಆ ಖಾಲಿ ಜಾಗ ತುಂಬಿಸಬೇಕು ಅಂತ ಆಸೆಪಟ್ಟೆ. ಅಷ್ಟೇ.

ಫೋನಿನಲ್ಲಿ ಆ ಮಾರುವವನು ಎಷ್ಟು ಚೆನ್ನಾಗಿ ಮಾತಾಡಿದ ಗೊತ್ತಾ? "ಸರ್, ಹಿಂಭಾಗದಲ್ಲಿ ಕೆಳಗೆ ಕಮಲದ ಹೂವು ಇದೆಯಲ್ಲ, ಅದರ ಕೆಳಗೆ ನೋಡಿ. ಸಣ್ಣ ಚುಕ್ಕಿ ಕಾಣ್ತಿದೆಯಾ? ಅದೇ ಬಾಂಬೆ ಟಂಕಸಾಲೆ ಗುರುತು. ಚುಕ್ಕಿ ಇದ್ದರೆ ಕಣ್ಣು ಮುಚ್ಚಿ ತಗೊಳ್ಳಿ." ಬಾಂಬೆಗೆ ಚುಕ್ಕಿ ಎನ್ನುವುದು ನಿಜವೇ. ನಾನೂ ಪುಸ್ತಕದಲ್ಲಿ ನೋಡಿ ಖಚಿತ ಮಾಡಿಕೊಂಡೆ. ಬೆಲೆ ಯಾಕೆ ಇಷ್ಟು ಕಡಿಮೆ ಅಂತಲೂ ಕೇಳಿದೆ. ಮಗಳ ಕಾಲೇಜು ಫೀಸು ಅಂದ. ನಂಬಿದೆ. 5,000 ಅಡ್ವಾನ್ಸ್ ಫೋನಿನಲ್ಲೇ ಕಳಿಸಿದೆ.

ಬೆಂಗಳೂರಿನಲ್ಲಿ ನಾಣ್ಯ ಮೇಳ ಇದ್ದ ದಿನವೇ ಬರಲು ಹೇಳಿದ. ಆದರೆ ಒಳಗೆ ಬೇಡವಂತೆ. "ಒಳಗೆ ಕಮಿಷನ್ ಕೇಳ್ತಾರೆ ಸರ್, ಹೊರಗೆ ಹೋಟೆಲಿನಲ್ಲಿ ಕೂರೋಣ." ಒಳಗೆ ಇಪ್ಪತ್ತು ಜನ ಗೊತ್ತಿರುವವರು ಕೂತಿದ್ದರು. ಯಾರಿಗೆ ತೋರಿಸಿದ್ದರೂ ಎರಡು ನಿಮಿಷದಲ್ಲಿ ಹೇಳುತ್ತಿದ್ದರು. ಇದು ಆಗ ನನಗೆ ಹೊಳೆಯಲಿಲ್ಲ. ಇವತ್ತಿಗೂ ರಾತ್ರಿ ನಿದ್ದೆ ಬರದಿದ್ದರೆ ಆ ಹೋಟೆಲಿನ ಮೇಜೇ ಕಣ್ಣ ಮುಂದೆ ಬರುತ್ತದೆ.

ನಾನು ಸುಮ್ನೆ ದುಡ್ಡು ಕೊಟ್ಟು ಬಂದವನಲ್ಲ. ಸಣ್ಣ ತಕ್ಕಡಿ ಒಯ್ದಿದ್ದೆ. ತೂಕ 11.66 ಗ್ರಾಂ, ಸರಿಯಾಗಿ ಒಂದು ತೊಲ. ಅಂಚಿನಲ್ಲಿ ಗೆರೆಗಳು ಸರಿ ಇದ್ದವು. ಉಳಿದ 17,000 ನಗದು ಎಣಿಸಿಕೊಟ್ಟೆ. ಊರಿಗೆ ಬಂದ ಮೇಲೆ ನಮ್ಮ ಅಕ್ಕಸಾಲಿಗರಿಗೂ ತೋರಿಸಿದೆ. "ಒಳ್ಳೇ ಬೆಳ್ಳಿ, ಹಳೇ ರೂಪಾಯಿನೇ" ಅಂದರು. 1940ರಿಂದ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕೆ ಇಳಿಯಿತು, ಅದಕ್ಕೂ ಹಿಂದಿನದರಲ್ಲಿ ನೂರಕ್ಕೆ 91.7 ಭಾಗ ಬೆಳ್ಳಿ. ಹಾಗಾಗಿ ಇದು 1939ರದ್ದೇ ಇರಬೇಕು ಅಂತ ಪೂರ್ತಿ ಸಮಾಧಾನ ಆಯಿತು.

ಅಪ್ಪನಿಗೆ ಕೊಟ್ಟೆ. ಅವರಿಗೆ ಈಗ ಕಣ್ಣು ಅಷ್ಟು ಕಾಣುವುದಿಲ್ಲ. ಹೆಬ್ಬೆರಳಿನಿಂದ ಸವರಿ ಸವರಿ ನೋಡಿದರು. ಅವತ್ತೇ ಸಂಜೆ ತಮ್ಮ ಹಳೆಯ ಸ್ನೇಹಿತರನ್ನು ಕರೆಸಿದರು. ಅವರೂ ನಲವತ್ತು ವರ್ಷದಿಂದ ನಾಣ್ಯ ಕೂಡಿಸಿದವರು.

ಅವರು ಭೂತಗನ್ನಡಿ ಹಿಡಿದು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ನನ್ನ ಕೈಗೇ ಕೊಟ್ಟು, "ಎರಡು ಒಂಬತ್ತನ್ನೂ ನೋಡಪ್ಪ" ಅಂದರು. 1939ರಲ್ಲಿ ಎರಡು ಒಂಬತ್ತು ಇವೆ ಅಲ್ವಾ? ಎರಡೂ ಒಂದೇ ಥರ ಇರಬೇಕು. ನನ್ನದರಲ್ಲಿ ಮೊದಲನೆಯದರ ತಲೆ ದೊಡ್ಡದು, ಕೊನೆಯದರ ತಲೆ ಸಣ್ಣದು. ಕೊನೆಯದರ ಕೆಳಗೆ ಎಡಗಡೆ ಲೋಹ ಕೆರೆದ ಗೀರುಗಳು. ಸುತ್ತ ಇರುವ ಹಳೆಯ ಮಬ್ಬು ಅಲ್ಲಿ ಮಾತ್ರ ಇಲ್ಲ. ಅದು ಎಂಟು. ಎಂಟರ ಕೆಳಗಿನ ಸುತ್ತನ್ನು ಎಡಗಡೆ ಕೆರೆದು ಒಂಬತ್ತು ಮಾಡಿದ್ದಾರೆ.

ತೂಕ ಸರಿ ಬಂದದ್ದು ಯಾಕೆ? ಬೆಳ್ಳಿ ಸರಿ ಇದ್ದದ್ದು ಯಾಕೆ? ಚುಕ್ಕಿ ಸರಿ ಇದ್ದದ್ದು ಯಾಕೆ? ಅದು ನಿಜವಾದ 1938ರ ಬಾಂಬೆ ರೂಪಾಯಿ, ಅದಕ್ಕೆ. ಚುಕ್ಕಿ 1938ರದ್ದರಲ್ಲೂ ಇರುತ್ತದೆ. ಆತ ಇಡೀ ಹೊತ್ತು ಚುಕ್ಕಿ ಚುಕ್ಕಿ ಅಂತ ನನ್ನ ಕಣ್ಣನ್ನು ಕೆಳಗೇ ಹಿಡಿದಿಟ್ಟ. ನಾನು ಇಸವಿಯನ್ನು ಓದಿದೆ, ನೋಡಲಿಲ್ಲ. ಅಂಥದ್ದೇ 1938 ಅಪ್ಪನ ಆಲ್ಬಮ್ಮಿನಲ್ಲೇ ಇದೆ! ಪಕ್ಕದಲ್ಲಿಟ್ಟು ನೋಡಿದ್ದರೆ ಸಾಕಿತ್ತು. ಬೆಳ್ಳಿ ಬೆಲೆಗಿಂತ ಸ್ವಲ್ಪ ಜಾಸ್ತಿಗೆ ಸಿಗುವ ನಾಣ್ಯ ಅದು. ಈಗ ಕೆರೆದ ಮೇಲೆ ಅದೂ ಇಲ್ಲ.

ಅಪ್ಪ ಏನೂ ಅನ್ನಲಿಲ್ಲ. ಆಲ್ಬಮ್ ಮುಚ್ಚಿ ಒಳಗೆ ಹೋದರು.

ಫೋನ್ ಮಾಡಿದೆ. ಮೊದಲ ದಿನ, "ಸರ್, ತೂಕ ನೀವೇ ನೋಡಿದ್ರಿ, ಬೆಳ್ಳಿ ಅಲ್ವಾ ಅದು?" ಬೆಳ್ಳಿಯೇ, ಇಸವಿ ತಿದ್ದಿದ್ದಾರೆ ಅಂದೆ. "ನಾನು ಚುಕ್ಕಿಗೆ ಗ್ಯಾರಂಟಿ ಕೊಟ್ಟಿದ್ದು. ಚುಕ್ಕಿ ಇದೆಯೋ ಇಲ್ವೋ ಹೇಳಿ." ಈ ಮಾತು ಕೇಳಿ ನನ್ನ ಕೈ ನಡುಗಿತು. ಮಾರನೇ ದಿನ, "ಮನೆಗೆ ಒಯ್ದು ಬೇರೆ ನಾಣ್ಯ ಇಟ್ಟುಕೊಂಡು ನನ್ನ ಮೇಲೆ ಹೇಳ್ತಿದ್ದೀರಿ." ನಾನು ಕಳ್ಳನಂತೆ! ಮೂರನೇ ದಿನ ಸಂದೇಶ: "ವಾಪಸ್ ತಂದುಕೊಡಿ, 3,000 ಕೊಡ್ತೀನಿ." ಯಾಕೆ ವಾಪಸ್ ಬೇಕು ಅಂತ ಯೋಚಿಸಿ. ಇನ್ನೊಬ್ಬರಿಗೆ ಮಾರಲು. ಕೊಡಲಿಲ್ಲ, ಕೊಡುವುದೂ ಇಲ್ಲ. ಆಮೇಲೆ ನನ್ನ ನಂಬರ್ ಬ್ಲಾಕ್.

ಆನ್‌ಲೈನಿನಲ್ಲಿ ಕಳಿಸಿದ 5,000ಕ್ಕೆ 1930 ಸೈಬರ್ ಅಪರಾಧ ಸಹಾಯವಾಣಿಗೆ ದೂರು ಕೊಟ್ಟಿದ್ದೇನೆ. ಕೈಯಲ್ಲಿ ಕೊಟ್ಟ 17,000ಕ್ಕೆ ನನ್ನ ಹತ್ತಿರ ಒಂದು ಚೀಟಿಯೂ ಇಲ್ಲ. ಬಿಲ್ ಬರೆದುಕೊಡದವನ ಹತ್ತಿರ ದಯವಿಟ್ಟು ಏನೂ ತಗೊಳ್ಳಬೇಡಿ. "1939ರ ರೂಪಾಯಿ, ತಿದ್ದಿದ್ದಾದರೆ ದುಡ್ಡು ವಾಪಸ್" ಅಂತ ಬರೆಸಿ ಸಹಿ ಹಾಕಿಸಿ. ಹಾಕುವುದಿಲ್ಲ ಅಂದರೆ ಎದ್ದು ಬನ್ನಿ. ಮೇಳದ ಹೊರಗೆ ಕರೆದರೆ ಹೋಗಲೇಬೇಡಿ. ಇಸವಿಯದ್ದೇ ದೊಡ್ಡ ಫೋಟೋ ಕೇಳಿ. ನಾನು ಕೇಳಿದ್ದು ಚುಕ್ಕಿಯ ಫೋಟೋ.

ಈಗ ಹಾಕಿರುವ ಫೋಟೋದಲ್ಲಿ ಚುಕ್ಕಿ ಮಾತ್ರ ಸ್ಪಷ್ಟವಾಗಿದೆ. ಇಸವಿಯ ಮೇಲೆ ಬೆಳಕು ಬಿದ್ದು ಹೊಳೆಯುತ್ತಿದೆ. ನನಗೆ ಕಳಿಸಿದ್ದರಲ್ಲೂ ಹಾಗೇ ಇತ್ತು. ನಿಮ್ಮ ಗುಂಪಿಗೆ ಆ ನೀಲಿ ಬಟ್ಟೆಯ ಫೋಟೋ ಬಂದಿದ್ದರೆ, ಅಡ್ವಾನ್ಸ್ ಕಳಿಸಿದ್ದರೆ, ಉಳಿದದ್ದು ಕೊಡಲು ಹೋಗಬೇಡಿ.