ಥರ್ಮೋಪಿಲೆ ಯುದ್ಧದ ಮೂರು ಸಿನಿಮಾ: ಯಾವುದು ನೋಡೋದು?

ಗ್ರೀಸಿನ ಇಕ್ಕಟ್ಟಾದ ದಾರಿಯಲ್ಲಿ ಗ್ರೀಕ್ ನಗರ ಸ್ಪಾರ್ಟಾದ ಯೋಧರು (ಸ್ಪಾರ್ಟನ್ನರು) ಮತ್ತು ಇತರ ಗ್ರೀಕರು ಪರ್ಷಿಯನ್ ಸೇನೆಯನ್ನು ಎದುರಿಸಿದ ಕ್ರಿ.ಪೂ. 480ರ ಥರ್ಮೋಪಿಲೆ ಕದನ ಮತ್ತು ಅದರ ಸುತ್ತಲಿನ ಕಥೆ ನೋಡಬೇಕು ಅಂದರೆ ಮುಖ್ಯವಾಗಿ ಮೂರು ಆಯ್ಕೆ ಇವೆ. 1962ರ 'ದಿ 300 ಸ್ಪಾರ್ಟನ್ಸ್', ಝಾಕ್ ಸ್ನೈಡರ್ ಅವರ '300', 2014ರ '300: ರೈಸ್ ಆಫ್ ಆನ್ ಎಂಪೈರ್'.

ಕಣ್ಣಿಗೆ ಹಬ್ಬ ಬೇಕಾದರೆ '300'. ಫ್ರಾಂಕ್ ಮಿಲ್ಲರ್ ಅವರ ಕಾಮಿಕ್ಸ್‌ನ ಪುಟಗಳೇ ಎದ್ದು ಓಡಾಡಿದ ಹಾಗಿದೆ. ಸ್ಟುಡಿಯೋದಲ್ಲಿ ನೀಲಿ ಪರದೆ ಮುಂದೆ ತೆಗೆದದ್ದು, ಆದರೂ ಆ ಕಂದು ಬಣ್ಣದ ಆಕಾಶ, ನಿಧಾನಗತಿಯ ಈಟಿ ಎಸೆತ ಇವತ್ತಿಗೂ ಮೈ ಜುಮ್ಮೆನ್ನಿಸುತ್ತದೆ. 1962ರದ್ದು ಗ್ರೀಸಿನ ನಿಜವಾದ ಬಯಲಿನಲ್ಲಿ ತೆಗೆದದ್ದು. ಹೊಡೆದಾಟ ಈಗಿನ ಕಣ್ಣಿಗೆ ಸಪ್ಪೆ ಅನಿಸಬಹುದು.

ಇತಿಹಾಸ ಮುಖ್ಯವಾದರೆ ಹಳೆಯದೇ ಹೆಚ್ಚು ನಂಬಿಕಸ್ತ. ಸ್ನೈಡರ್ ಸಿನಿಮಾದಲ್ಲಿ ಸ್ಪಾರ್ಟನ್ನರು ಬರಿಮೈಯಲ್ಲಿ ಕಾದಾಡುತ್ತಾರೆ, ನಿಜದಲ್ಲಿ ಕಂಚಿನ ಕವಚ ಇತ್ತು. ಕೊನೆಯ ದಿನ ಅವರ ಜೊತೆ ನಿಂತು ಸತ್ತ ಸುಮಾರು 700 ಥೆಸ್ಪಿಯನ್ನರನ್ನೂ (ಇನ್ನೊಂದು ಗ್ರೀಕ್ ನಗರದ ಯೋಧರು) ಅದು ಮರೆತುಬಿಡುತ್ತದೆ, ಅದು ನನಗೆ ತುಂಬಾ ಬೇಜಾರು. ಪರ್ಷಿಯನ್ನರನ್ನು ರಾಕ್ಷಸರಂತೆ ತೋರಿಸಿದ್ದೂ ಸರಿಯಲ್ಲ ಅಲ್ವಾ?

ಮೂರನೆಯದು ಸಮುದ್ರ ಯುದ್ಧದ್ದು, ಗ್ರೀಕ್-ಪರ್ಷಿಯನ್ ನೌಕಾಕದನ ನಡೆದ ಸಲಾಮಿಸ್‌ವರೆಗೆ ಹೋಗುತ್ತದೆ. ಪರ್ಷಿಯನ್ನರ ಪರ ಹೋರಾಡುವ ನೌಕಾ ನಾಯಕಿ ಆರ್ಟಿಮೀಸಿಯಾ ಆಗಿ ಇವಾ ಗ್ರೀನ್ ಚೆನ್ನಾಗಿದ್ದಾರೆ. ಆದರೆ '300' ನೋಡದೆ ಸುಮ್ನೆ ಇದನ್ನು ಶುರು ಮಾಡಬೇಡಿ.

ಮನೆಯಲ್ಲಿ ಮಕ್ಕಳಿದ್ದರೆ 1962ರದ್ದನ್ನೇ ಹಾಕಿ, ಉಳಿದೆರಡರಲ್ಲಿ ರಕ್ತ ತುಂಬಾ ಜಾಸ್ತಿ. ಗೆಳೆಯರ ಜೊತೆ ದೊಡ್ಡ ಪರದೆ, ಒಳ್ಳೆ ಸ್ಪೀಕರ್ ಇದ್ದರೆ '300'.